ಯಂತ್ರಪುರದ ಪಾಠಗಳು

ಯಾವುದಾದರೂ ಹಳೆಯ ಲೇತ್ ಶಾಪಿನೊಳಗೆ ಒಮ್ಮೆ ಕಾಲಿಟ್ಟು ನೋಡಿ. ಎಣ್ಣೆ ಕುಡಿದು ಕಪ್ಪಾದ ನೆಲ, ಸುರುಳಿ ಸುರುಳಿಯಾಗಿ ಬಿದ್ದ ಕಬ್ಬಿಣದ ಚೂರು, ಗೋಡೆಗೆ ಒರಗಿಸಿದ ಟ್ರ್ಯಾಕ್ಟರ್ ಆಕ್ಸಲ್. ಇವುಗಳ ನಡುವೆ ಬಣ್ಣ ಮಾಸಿದ ಒಂದು ಲೇತ್ ಇರುತ್ತದೆ. ಅದರ ಮೇಲೆ ಕಿರ್ಲೋಸ್ಕರ್ ಎಂದಿದ್ದರೆ, ಟರ್ನ್‌ಮಾಸ್ಟರ್ ಅಥವಾ ಎಂಟರ್‌ಪ್ರೈಸ್ ಎಂಬ ಹೆಸರಿದ್ದರೆ, ಅದು ಹುಟ್ಟಿದ್ದು ಹರಿಹರದಲ್ಲಿ. ಮಾಡಿದ ಕಾರ್ಖಾನೆ ಮುಚ್ಚಿ ಎರಡು ದಶಕಗಳಾಗಿವೆ. ಲೇತ್ ಇನ್ನೂ ತಿರುಗುತ್ತಿದೆ.

ಆ ಕಾರ್ಖಾನೆ ಮೈಸೂರು ಕಿರ್ಲೋಸ್ಕರ್. ಆರಂಭವಾದದ್ದು 1941ರಲ್ಲಿ. ಅದರ ಸುತ್ತ ಬೆಳೆದ ಬಡಾವಣೆಗೆ ಇಟ್ಟ ಹೆಸರೇ ಯಂತ್ರಪುರ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಸ್ಟಾರ್ಟಪ್, ಅದೂ ತೀರಾ ಕಷ್ಟದ ಬಗೆಯದು. ಯಂತ್ರಗಳನ್ನು ಮಾಡುವ ಯಂತ್ರವನ್ನು, ಅಂಥದ್ದನ್ನೆಲ್ಲ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದ ದೇಶದಲ್ಲಿ, ಮಹಾಯುದ್ಧದ ನಡುವೆ, ನದಿದಂಡೆಯ ಒಂದು ಸಣ್ಣ ಊರಿನಲ್ಲಿ ಮಾಡಲು ಹೊರಟ ಕಂಪನಿ ಅದು. ದಾವಣಗೆರೆಯ ಕಾಲೇಜುಗಳಲ್ಲಿ ಇಂದು ಸ್ಟಾರ್ಟಪ್ ಕುರಿತ ಉಪನ್ಯಾಸಗಳಿಗೆ ಕೊರತೆಯಿಲ್ಲ. ಕ್ಯಾಲಿಫೋರ್ನಿಯಾದ ಗ್ಯಾರೇಜುಗಳ ಕತೆ, ಕೋರಮಂಗಲದ ಬಾಡಿಗೆ ಮನೆಗಳ ಕತೆ ಹುಡುಗರಿಗೆ ಬಾಯಿಪಾಠ. ಹದಿನಾಲ್ಕು ಕಿಲೋಮೀಟರ್ ಆಚೆ ನಡೆದುಹೋದ ಕತೆ ಗೊತ್ತಿಲ್ಲ. ದೊಡ್ಡ ತಂತ್ರಜ್ಞಾನದ ಕನಸು ಕಂಡವರು ಕಲಿತದ್ದೇನು, ಕಳೆದುಕೊಂಡದ್ದೇನು ಎಂದು ಪರಿಶೀಲಿಸುವಾಗ ನಾನು ಹರಿಹರದಿಂದಲೇ ಹೊರಡುತ್ತೇನೆ.

ಕಿರ್ಲೋಸ್ಕರ್ ಮನೆತನವನ್ನು ನಾವು ಪುಣೆಯವರೆಂದು ಭಾವಿಸಿ ಸುಮ್ಮನಾಗುತ್ತೇವೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದವರು, ಬಣ್ಣಗಳನ್ನು ಸರಿಯಾಗಿ ಗುರುತಿಸಲು ಕಣ್ಣು ಒದಗದ ಕಾರಣ ಯಂತ್ರರೇಖನದ ಕಡೆ ತಿರುಗಿದರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. 1888ರಲ್ಲಿ ಬೆಳಗಾವಿಯಲ್ಲಿ ಶುರುವಾದ ಸೈಕಲ್ ಅಂಗಡಿಯಿಂದ ಮನೆತನದ ಉದ್ಯಮ ಹೊರಟಿತು. ಅಣ್ಣ ತಮ್ಮ ಸೇರಿ ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು.

ನೇಗಿಲಿನ ಪ್ರಸಂಗವನ್ನು ಉದ್ಯಮ ಕಟ್ಟಲು ಹೊರಟವರೆಲ್ಲ ಓದಬೇಕು. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮಾಡಿದ ನೇಗಿಲು ವರ್ಷಗಟ್ಟಲೆ ಕೊಳ್ಳುವವರಿಲ್ಲದೆ ಬಿದ್ದಿದ್ದವು. ಲಕ್ಷ್ಮಣರಾಯರು ರೈತರನ್ನು ಹಳಿಯಲಿಲ್ಲ, ನೇಗಿಲನ್ನೂ ಬಿಡಲಿಲ್ಲ. ಉತ್ತು ತೋರಿಸಿದರು, ನೇಗಿಲನ್ನು ತಿದ್ದಿದರು, ಕಾದರು. ಹೊಸ ತಂತ್ರಜ್ಞಾನ ತಂದವನ ಎದುರು ಮೊದಲು ನಿಲ್ಲುವುದು ಅಪನಂಬಿಕೆ. ಪೈಪೋಟಿಯ ಕಂಪನಿ ಬರುವುದು ಬಹಳ ತಡವಾಗಿ. ಆ ಅಪನಂಬಿಕೆಗೆ ಗಿರಾಕಿಯ ಬದುಕಿನಲ್ಲಿ ಕಾರಣವಿರುತ್ತದೆ: ಒಂದು ಹಂಗಾಮು ಕೆಟ್ಟರೆ ರೈತನ ವರ್ಷವೇ ಕೆಟ್ಟಿತು. ತಾನು ಮಾಡಿದ್ದು ತಪ್ಪಿದರೆ ಕೊಳ್ಳುವವನ ಮನೆಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಲೆಕ್ಕ ಹಾಕದ ಸ್ಥಾಪಕ, ಮೊದಲ ಗಿರಾಕಿಯನ್ನು ಅರಿಯಲಾರ.

ಬೆಳಗಾವಿಯ ಜಾಗ ಊರಿನ ವಿಸ್ತರಣೆಗೆ ಹೋಯಿತು. ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ರೈಲು ಹಾದಿಯ ಪಕ್ಕದ ಬರಡು ನೆಲವನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟ. ಪಾಪಾಸುಕಳ್ಳಿ ಕಡಿದು, ಹಾವುಗಳನ್ನು ಓಡಿಸಿ, 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಲಾಪುರದ ಶಾಹು ಮಹಾರಾಜರಿಂದ ಕೋಟೆಯ ಹಳೆಯ ಫಿರಂಗಿಗಳನ್ನು ಪಡೆದು, ಕರಗಿಸಿ ನೇಗಿಲು ಮಾಡಿದರು. ತಾಳ್ಮೆಯ ಹಣ ಸಿಕ್ಕ ಕಡೆಯಲ್ಲೇ ತಾಳ್ಮೆಯ ಕೆಲಸ ನಡೆದೀತು. ಔಂಧದ ರಾಜ ಮೂರು ತಿಂಗಳಿಗೊಮ್ಮೆ ಲಾಭ ಕೇಳಿದ್ದರೆ ಕಿರ್ಲೋಸ್ಕರ್‌ವಾಡಿ ಕಳ್ಳಿಯ ಬಯಲಾಗಿಯೇ ಉಳಿಯುತ್ತಿತ್ತು.

ಇದೇ ಅನುಭವವನ್ನು ಬೆನ್ನಿಗೆ ಕಟ್ಟಿಕೊಂಡು ಆ ಮನೆತನ 1941ರಲ್ಲಿ ಹರಿಹರಕ್ಕೆ ಬಂತು. ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಲೇತ್‌ಗಳು ಬರುವುದು ದುಸ್ತರವಾಗಿತ್ತು. ಅಲ್ಲಿನ ಕಾರ್ಖಾನೆಗಳಿಗೇ ಅವು ಸಾಲುತ್ತಿರಲಿಲ್ಲ. ಹರಿಹರ ಆಗ ಮೈಸೂರು ಸಂಸ್ಥಾನದ ಗಡಿ. ತುಂಗಭದ್ರೆಯ ಆಚೆ ಮುಂಬಯಿ ಪ್ರಾಂತ. ಬೆಂಗಳೂರು–ಪುಣೆ ರೈಲು ಹಾದುಹೋಗುತ್ತಿತ್ತು, ರಸ್ತೆಯೂ ಅದೇ. ನೀರು ಪಕ್ಕದಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಒಂದು ದಿನದ ಹಾದಿಯೊಳಗೆ. ಕೈಗಾರಿಕೆಗೆ ಒತ್ತಾಸೆಯಾಗಿ ನಿಲ್ಲುವ ಸರ್ಕಾರವೊಂದು ಮೈಸೂರಿನಲ್ಲಿತ್ತು. ಊರು ಸಣ್ಣದು, ಆದರೆ ಬೇಕಾದದ್ದೆಲ್ಲ ಕೂಡುವ ಜಾಗದಲ್ಲಿತ್ತು.

ಲೇತ್ ಎಂದರೇನೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹರಿಹರ ಸಾಧಿಸಿದ್ದರ ತೂಕ ತಿಳಿಯಲು ಬೇರೆ ದಾರಿಯಿಲ್ಲ. ಲೇತನ್ನು ಯಂತ್ರಗಳ ತಾಯಿ ಅನ್ನುತ್ತಾರೆ. ಇನ್ನೊಂದು ಲೇತಿನ ಬಿಡಿಭಾಗಗಳನ್ನೂ ಅದರ ಮೇಲೆಯೇ ಕಡೆಯಬಹುದು. ಹಾಗಾಗಿ ತಾಯಿಯ ತಪ್ಪು ಮಕ್ಕಳಿಗೆಲ್ಲ ಇಳಿಯುತ್ತದೆ. ಲೇತಿನ ಬುಡದ ಹಾಸಾದ ಬೆಡ್ ಒಂದಿಷ್ಟು ಡೊಂಕಾದರೆ ಅದರ ಮೇಲೆ ಕಡೆದ ಪ್ರತಿ ಶಾಫ್ಟೂ ಡೊಂಕು. ಬೆಡ್ ಎರಕದ ಕಬ್ಬಿಣದ್ದು. ಎರಕ ಹೊಯ್ದಾಗ ತೆಳುವಾದ ಭಾಗ ಬೇಗ ಆರುತ್ತದೆ, ದಪ್ಪ ಭಾಗ ತಡವಾಗಿ. ಈ ಎಳೆದಾಟ ಲೋಹದೊಳಗೆ ಅಡಗಿ ಕೂತಿರುತ್ತದೆ. ಕೂಡಲೇ ಕಡೆದು ಜೋಡಿಸಿದರೆ ತಿಂಗಳುಗಳ ನಂತರ ಯಂತ್ರ ತಾನಾಗಿ ತಿರುಚಿಕೊಳ್ಳುತ್ತದೆ. ಅದಕ್ಕೆ ಎರಕವನ್ನು ಹದಕ್ಕೆ ಬಿಡಬೇಕು, ಇಲ್ಲವೇ ಕಾಯಿಸಿ ನಿಧಾನಕ್ಕೆ ಆರಿಸಬೇಕು. ಉಪ್ಪಿನಕಾಯಿ ಹಾಕಿದ ದಿನವೇ ಭರಣಿ ತೆರೆಯುವುದಿಲ್ಲವಲ್ಲ, ಹಾಗೆ.

ಆಮೇಲೆ ಸ್ಕ್ರೇಪಿಂಗ್. ಯಂತ್ರ ಕಡೆದು ಬಿಟ್ಟ ಮೈಗೆ ಫಿಟ್ಟರ್ ನೀಲಿ ಬಳಿದ ಸಮತಟ್ಟಾದ ಪಟ್ಟಿಯನ್ನು ಉಜ್ಜುತ್ತಾನೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ಆ ಚುಕ್ಕೆಗಳನ್ನಷ್ಟೇ ಕೈಯಲ್ಲಿ ಹಿಡಿದ ಉಳಿಯಿಂದ ಕೆರೆಯುತ್ತಾನೆ. ಮತ್ತೆ ನೀಲಿ, ಮತ್ತೆ ಕೆರೆತ. ಸಣ್ಣ ಸಣ್ಣ ನೀಲಿ ಚುಕ್ಕೆಗಳು ಮೈತುಂಬ ಸಮನಾಗಿ ಹರಡುವವರೆಗೆ ಇದೇ ಕೆಲಸ. ಒಂದು ಸಲದ ಕೆರೆತಕ್ಕೆ ಏಳುವುದು ಮೈಕ್ರಾನ್‌ಗಳ ಲೆಕ್ಕದ ಪುಡಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನಪಿಟ್ಟರೆ ಈ ಕೈಗಳ ಸೂಕ್ಷ್ಮ ಅರ್ಥವಾದೀತು. ಇದನ್ನು ಪುಸ್ತಕದಿಂದ ಕಲಿಯಲು ಬಾರದು. ಬಲ್ಲವನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕೈಯಿಂದ ಕೈಗೆ ಪಡೆಯಬೇಕು. ನದಿದಂಡೆಯ ಸೀಮೆಯ ರೈತಾಪಿ ಮನೆಗಳ ಮಕ್ಕಳು ಇದನ್ನು ಕಲಿತರು, ತಮ್ಮ ಕಿರಿಯರಿಗೆ ಕಲಿಸಿದರು. ಟರ್ನರ್, ಫಿಟ್ಟರ್, ಮೋಲ್ಡರ್ ಎಂಬ ಮಾತುಗಳು ಹರಿಹರದ ಮನೆಗಳಲ್ಲಿ ಹೆಣ್ಣು ಗಂಡು ನೋಡುವಾಗ ಗೌರವದಿಂದ ಹೇಳಿಕೊಳ್ಳುವ ಪದವಿಗಳಾದವು.

ನನ್ನ ಮಟ್ಟಿಗೆ ಮೈಸೂರು ಕಿರ್ಲೋಸ್ಕರ್‌ನ ಅತಿ ದೊಡ್ಡ ಸೃಷ್ಟಿ ಈ ಕೈಗಳೇ. ಲೇತ್‌ಗಳ ಸ್ಥಾನ ಅದರ ನಂತರ. ಕ್ವಾರ್ಟರ್ಸು, ಶಾಲೆ, ಆಟದ ಬಯಲು ಎಲ್ಲ ಬಂದವು. ಕಂಪನಿಯ ಟ್ರಸ್ಟಿನ ಎಂಕೆಇಟಿ ಶಾಲೆಯ ಹೆಸರು ಇವತ್ತಿಗೂ ಊರಿನ ಬಾಯಲ್ಲಿದೆ. ಸುತ್ತ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್‌ಗಳು ಎದ್ದವು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸ್ಥಾಪನೆಯಾದದ್ದು 1953ರಲ್ಲಿ. ಅದಕ್ಕಿಂತ ಹನ್ನೆರಡು ವರ್ಷ ಮೊದಲೇ ಹರಿಹರ ಲೇತ್ ಮಾಡಲು ಹೊರಟಿತ್ತು.

ಹಾಗಾದರೆ ಬೀಗ ಬಿದ್ದದ್ದೇಕೆ? ಊರಿನಲ್ಲಿ ಈ ಪ್ರಶ್ನೆ ಕೇಳಿದರೆ ಬಾಯಿಗೊಂದು ಉತ್ತರ. ಆಡಳಿತದ ತಪ್ಪೆನ್ನುವವರಿದ್ದಾರೆ, ಯೂನಿಯನ್ ತಪ್ಪೆನ್ನುವವರಿದ್ದಾರೆ, ಸರ್ಕಾರದ ಕಡೆ ಕೈ ತೋರಿಸುವವರಿದ್ದಾರೆ. ನಾನು ಕಾಲಕ್ರಮವನ್ನು ನೋಡುತ್ತೇನೆ. ದಶಕಗಳ ಕಾಲ ಲೈಸೆನ್ಸ್ ಮತ್ತು ಆಮದು ಸುಂಕದ ಗೋಡೆಯೊಳಗೆ ಮಾರುಕಟ್ಟೆ ಭದ್ರವಾಗಿತ್ತು. ಅಷ್ಟರಲ್ಲಿ ಲೇತೇ ಬದಲಾಯಿತು. ಕೈಚಕ್ರದ ಜಾಗಕ್ಕೆ ಕಂಪ್ಯೂಟರ್ ಬಂತು, ಅದೇ ಸಿಎನ್‌ಸಿ. 1979ರಲ್ಲಿ ಬೆಂಗಳೂರಿನಲ್ಲಿ ಶ್ರೀನಿವಾಸ ಶಿರ್ಗುರ್ಕರ್, ಮಚಾಡೊ, ಸಾಠೆ ಎಂಬ ಮೂವರು ಎಂಜಿನಿಯರುಗಳು ಏಸ್ ಡಿಸೈನರ್ಸ್ ಕಟ್ಟಿದರು. ಸಣ್ಣದಾಗಿ ಶುರುಮಾಡಿ ಸಿಎನ್‌ಸಿ ಲೇತನ್ನೇ ಹಿಡಿದು, ದೇಶದ ದೊಡ್ಡ ಮಷಿನ್ ಟೂಲ್ ಬಳಗಗಳಲ್ಲೊಂದಾಗಿ ಬೆಳೆದರು. ಸಿಎನ್‌ಸಿ ಹರಿಹರಕ್ಕೆ ಗೊತ್ತಿರದ ವಿದ್ಯೆಯಲ್ಲ. ಆದರೆ ಬೇರೂರಿದ ದೊಡ್ಡ ಕಾರ್ಖಾನೆಗೆ ಹಳೆಯ ಸರಕಿನ ಬೇಡಿಕೆ ಇರುವಾಗ ಹೊಸದಕ್ಕೆ ಮೈಯೊಡ್ಡುವುದು ಕಷ್ಟ. 1991ರಲ್ಲಿ ಗೋಡೆ ಬಿತ್ತು. ಸುಂಕ ಇಳಿಯಿತು, ಹೊರದೇಶದ ಹಳೆಯ ಯಂತ್ರಗಳೂ ಬಂದವು. ತೊಂಬತ್ತರ ದಶಕದ ಕೊನೆಯಲ್ಲಿ ಯಂತ್ರಗಳ ಬೇಡಿಕೆಯೇ ಕುಸಿಯಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಕಿರ್ಲೋಸ್ಕರ್ ನಿಂತುಹೋಯಿತು. ಸಾವಿರಾರು ಕುಟುಂಬಗಳ ಒಲೆ ಆ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡಿತ್ತು. ಸೈರನ್ ನಿಂತ ಊರಿನ ಬೆಳಗು ಹೇಗಿರುತ್ತದೆಂದು ಹರಿಹರದವರನ್ನು ಕೇಳಬೇಕು.

ಒಂದು ಕಾಲದ ಸಾಹಸ ಇನ್ನೊಂದು ಕಾಲಕ್ಕೆ ರಕ್ಷಣೆ ಕೊಡುವುದಿಲ್ಲ. ತಂತ್ರಜ್ಞಾನದ ಕಂಪನಿ ತನ್ನ ಸರಕನ್ನು ತಾನೇ ಹಳತು ಮಾಡುವ ಧೈರ್ಯ ತೋರಬೇಕು. ಆ ಧೈರ್ಯ ತೋರಲು ಸರಿಯಾದ ಕಾಲ ಮಾರಾಟ ಚೆನ್ನಾಗಿರುವ ಕಾಲವೇ. ಕಿರ್ಲೋಸ್ಕರ್ ಮನೆತನ 1941ರಲ್ಲಿ ಮಾಡಿದ್ದು ಇದನ್ನೇ, ನೇಗಿಲು ಪಂಪುಗಳ ಜೊತೆಗೆ ಲೇತಿಗೆ ಕೈ ಹಾಕಿತು. ಎಂಬತ್ತರ ದಶಕದಲ್ಲಿ ಹರಿಹರಕ್ಕೆ ಅಂಥದೇ ಇನ್ನೊಂದು ಜಿಗಿತ ಬೇಕಿತ್ತು.

ಈಗ ದಾವಣಗೆರೆ. ಈ ಊರಿನ ಗುಣ ವ್ಯಾಪಾರ. ಹೈದರಾಲಿ ಇದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಕಾಲದಿಂದ ವರ್ತಕರು ಇಲ್ಲಿ ನೆಲೆನಿಂತರು. ಸುತ್ತ ಎರೆನೆಲ, ಹತ್ತಿ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಬಂತು. ಆಮೇಲೆ ಸಾಲುಸಾಲಾಗಿ ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಿತ್ತು. ಗಿರಣಿ ಕಟ್ಟಿದ, ಮಂಡಿ ನಡೆಸಿದ ಮನೆತನಗಳ ಹೆಸರು ಇಂದಿಗೂ ಛತ್ರ, ಆಸ್ಪತ್ರೆ, ಕಾಲೇಜುಗಳ ಮೇಲೆ ಇವೆ. ರಾಜನಹಳ್ಳಿ, ಚಿಗಟೇರಿ ಎಂದರೆ ಊರಿಗೆಲ್ಲ ಗೊತ್ತು.

ಆ ಗಿರಣಿಗಳು ಮುಂದೆ ಮುಚ್ಚಿಹೋದದ್ದಕ್ಕೆ ವಿದ್ಯುತ್ ಮಗ್ಗಗಳ ಪೈಪೋಟಿ, ಹಳೆಯ ಯಂತ್ರಗಳು, ಕೂಲಿ ತಗಾದೆ ಎಂದೆಲ್ಲ ಹೇಳುತ್ತಾರೆ. ಎಲ್ಲವೂ ನಿಜ. ಅಷ್ಟೇ ನಿಜವಾದ ಇನ್ನೊಂದು ಸಂಗತಿ ಹೊಲದಲ್ಲಿದೆ. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಈ ಸೀಮೆಗೆ ಹರಿಯಿತು. ಹತ್ತಿ ಬೆಳೆಯುತ್ತಿದ್ದವರು ಭತ್ತಕ್ಕೆ ತಿರುಗಿದರು, ಮಳೆಯಾಶ್ರಿತ ಹೊಲಗಳಿಗೆ ಬರಬರುತ್ತ ಮೆಕ್ಕೆಜೋಳ ಬಂತು. ಗಿರಣಿಗೆ ಪಕ್ಕದ ಹೊಲದಿಂದ ಬರುತ್ತಿದ್ದ ಸರಕು ದೂರ ಸರಿಯಿತು. ರೈತ ಹೊಸದನ್ನು ಹಿಡಿದ, ಅಕ್ಕಿ ಗಿರಣಿಯವನು ಅವನ ಹಿಂದೆ ನಡೆದ, ಬಟ್ಟೆ ಗಿರಣಿ ಮಾತ್ರ ನಿಂತಲ್ಲೇ ನಿಂತಿತು.

ವರ್ತಕರ ಹಣ ಎಲ್ಲಿಗೆ ಹೋಯಿತು? ವಿದ್ಯೆಗೆ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ಕೊಡುಗೆಯಿಂದ 1951ರಲ್ಲೇ ಇಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಈಗ ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು. ಆಮೇಲೆ ಇನ್ನೂ ಹಲವು. 2009ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಇದು ಊರಿನ ಹೆಮ್ಮೆ, ನಾನು ಒಪ್ಪುತ್ತೇನೆ. ಆದರೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹತ್ತಿ ನೂಲಾಗಿ ಹೊರಹೋಗುತ್ತಿದ್ದ ಊರಿನಿಂದ ಈಗ ಎಂಜಿನಿಯರುಗಳು ಹೊರಹೋಗುತ್ತಿದ್ದಾರೆ. ನೂಲಿನ ಲಾಭ ಊರಿಗೆ ಮರಳುತ್ತಿತ್ತು. ಹುಡುಗರು ಹಬ್ಬಕ್ಕೆ ಮಾತ್ರ ಮರಳುತ್ತಾರೆ.

ಏಳು ದಶಕಗಳಿಂದ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯೆ ಇದೆ. ಆರು ದಶಕ ಹರಿಹರದಲ್ಲಿ ದೇಶದ ಮೊದಲ ಸಾಲಿನ ಯಂತ್ರ ಕಾರ್ಖಾನೆ ಇತ್ತು. ನಡುವೆ ಬಸ್ಸಿನಲ್ಲಿ ಅರ್ಧ ಗಂಟೆ. ಈ ಎರಡೂ ಒಂದೇ ಬೆಂಚಿಗೆ ಕೂತು ಹೊಸದೊಂದನ್ನು ಮಾಡಲಿಲ್ಲ. ಕಾಲೇಜಿನವರು ಕಾರ್ಖಾನೆಯನ್ನು ಒಂದು ದಿನದ ಕೈಗಾರಿಕಾ ಪ್ರವಾಸದ ಜಾಗವೆಂದು ಕಂಡರು. ಕಾರ್ಖಾನೆ ಕಾಲೇಜನ್ನು ನೌಕರರು ದೊರೆಯುವ ಜಾಗವೆಂದು ಕಂಡಿತು. ಎರಡೂ ಊರುಗಳ ನಿಜವಾದ ನಷ್ಟ ಇಲ್ಲಿದೆ ಎಂಬುದು ನನ್ನ ತೀರ್ಮಾನ.

ಸಣ್ಣ ಊರಿನಲ್ಲಿ ಇದಾಗದು ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರಗಳಿವೆ. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ರೋಬೋಸಾಫ್ಟ್ ಕಟ್ಟಿದರು. ಸಾಫ್ಟ್‌ವೇರ್ ಎಂದರೆ ಬೆಂಗಳೂರು ಎನ್ನುತ್ತಿದ್ದ ಕಾಲವದು. ಅವರು ಊರು ಬಿಡಲಿಲ್ಲ. ಕರಾವಳಿಯ ಹುಡುಗರನ್ನೇ ತಯಾರು ಮಾಡಿದರು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಆ ಕಂಪನಿಯನ್ನು ಕೊಂಡಿತು. ಬೆಳಗಾವಿಯಲ್ಲಿ ಸುರೇಶ ಹುಂದ್ರೆ 1981ರಲ್ಲಿ ಪಾಲಿಹೈಡ್ರಾನ್ ಶುರುಮಾಡಿ ಹೈಡ್ರಾಲಿಕ್ ವಾಲ್ವ್‌ಗಳನ್ನು ದೇಶಕ್ಕೆಲ್ಲ ಕಳಿಸಿದರು. ಲಂಚ ಕೊಡದೆ ಕಾರ್ಖಾನೆ ನಡೆಸಬಹುದೆಂದು ನಡೆಸಿ ತೋರಿಸಿದರು.

ಹರಿಹರಕ್ಕೆ ಹೆಚ್ಚು ಹತ್ತಿರದ ಪಾಠ ಅದೇ ಬೆಳಗಾವಿಯ ಏಕಸ್. ಅರವಿಂದ ಮೆಳ್ಳಿಗೇರಿ ಮುಂದಾಳುತನದ ಈ ಕಂಪನಿ ಹತ್ತರಗಿಯ ಬಳಿ, ಹೆದ್ದಾರಿಯ ಪಕ್ಕ, ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ ಕಟ್ಟಿತು. ವಿಮಾನದ ಒಂದು ಸಣ್ಣ ಭಾಗ ಒಂದು ದೇಶದಲ್ಲಿ ಫೋರ್ಜ್ ಆಗಿ, ಇನ್ನೊಂದರಲ್ಲಿ ಕಡೆಸಿಕೊಂಡು, ಮತ್ತೊಂದರಲ್ಲಿ ಮೈಲೇಪ ಪಡೆಯುತ್ತ ಅಲೆಯುವುದು ಆ ಉದ್ಯಮದ ರೂಢಿ. ಎಲ್ಲವನ್ನೂ ಒಂದೇ ಆವರಣಕ್ಕೆ ತಂದರೆ ಕಾಲವೂ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ ಎಂಬ ಸರಳ ಯೋಚನೆ ಇದರ ಬುನಾದಿ. ಏರ್‌ಬಸ್‌ನಂಥ ಗಿರಾಕಿ ಅಲ್ಲಿಗೆ ಬಂತು. ಬೆಳಗಾವಿಯಲ್ಲಿ ಮೊದಲಿನಿಂದಲೂ ಫೌಂಡ್ರಿಗಳಿದ್ದವು, ಮಷಿನ್ ಶಾಪ್‌ಗಳಿದ್ದವು, ಎರಕ ಬಲ್ಲವರಿದ್ದರು. ಇದ್ದ ಕಸುಬಿಗೆ ಹೊಸ ಗಿರಾಕಿಯನ್ನು ತಂದವನು ಸಿಕ್ಕಿದ. ಹರಿಹರದಲ್ಲಿ ಕಸುಬಿತ್ತು, ಆ ಮನುಷ್ಯ ಬರಲಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹುಡುಗ ಅವೈಸ್ ಅಹ್ಮದ್ ಕತೆ ಇನ್ನೊಂದು ಬಗೆಯದು. ಪಿಲಾನಿಯಲ್ಲಿ ಓದುತ್ತಿರುವಾಗಲೇ, 2019ರಲ್ಲಿ, ಗೆಳೆಯ ಕ್ಷಿತಿಜ್ ಖಂಡೇಲ್‌ವಾಲ್ ಜೊತೆ ಪಿಕ್ಸೆಲ್ ಎಂಬ ಕಂಪನಿ ಕಟ್ಟಿದರು. ಬಣ್ಣದ ನೂರಾರು ಎಳೆಗಳಲ್ಲಿ ಭೂಮಿಯನ್ನು ಚಿತ್ರಿಸಿ, ಬೆಳೆಯ ರೋಗವನ್ನೂ ಪೈಪಿನ ಸೋರಿಕೆಯನ್ನೂ ಮೇಲಿನಿಂದಲೇ ಗುರುತಿಸುವ ಉಪಗ್ರಹ ಅವರ ಗುರಿ. 2021ರ ಫೆಬ್ರವರಿಯಲ್ಲಿ ಪಿಎಸ್‌ಎಲ್‌ವಿಯಲ್ಲಿ ಮೊದಲ ಉಪಗ್ರಹ ಹಾರಬೇಕಿತ್ತು. ಕೊನೆಯ ಪರೀಕ್ಷೆಗಳಲ್ಲಿ ಸಾಫ್ಟ್‌ವೇರ್ ದೋಷ ಕಂಡು ಅದನ್ನು ಹಿಂತೆಗೆದರು. ರಾಕೆಟ್ ಅವರನ್ನು ಬಿಟ್ಟು ಹಾರಿತು. 2022ರ ಏಪ್ರಿಲ್‌ನಲ್ಲಿ ‘ಶಕುಂತಲಾ’ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹೋಯಿತು, ಹಿಂತೆಗೆದಿದ್ದ ‘ಆನಂದ್’ ಅದೇ ವರ್ಷದ ನವೆಂಬರ್‌ನಲ್ಲಿ ಪಿಎಸ್‌ಎಲ್‌ವಿ ಏರಿತು. 2025ರ ಜನವರಿಯಲ್ಲಿ ‘ಫೈರ್‌ಫ್ಲೈ’ ಸರಣಿಯ ಮೊದಲ ಮೂರು ಹಾರಿದವು. ಇಡೀ ದೇಶ ನೋಡುತ್ತಿರುವಾಗ ‘ನಮ್ಮದು ಇನ್ನೂ ಸಿದ್ಧವಿಲ್ಲ’ ಎನ್ನಲು ಎದೆಗಾರಿಕೆ ಬೇಕು. ನೀಲಿ ಚುಕ್ಕೆ ಸಮನಾಗುವವರೆಗೆ ಲೇತ್ ಬೆಡ್ಡನ್ನು ಬಿಟ್ಟುಕೊಡದ ಫಿಟ್ಟರನ ಗುಣವೂ ಇದೇ.

ಸೋತವರ ಕತೆ ಇಲ್ಲದೆ ಸಮೀಕ್ಷೆ ಪೂರ್ತಿಯಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್, ಅಂಗೈಯಲ್ಲಿ ಹಿಡಿಯುವ, ಬಡವರಿಗೂ ಎಟುಕಬೇಕಾದ ಕಂಪ್ಯೂಟರ್ ಆಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಮಾದರಿ, ಸಾಧನವನ್ನು ಓಲಾಡಿಸಿದರೆ ಪರದೆ ಸ್ಪಂದಿಸುವ ವಿದ್ಯೆಯನ್ನೂ ಹೊಂದಿತ್ತು. ಸ್ಮಾರ್ಟ್‌ಫೋನ್ ಯುಗ ಬರುವ ಮೊದಲೇ! ಆದರೆ ಯಾರು ಕೊಳ್ಳುತ್ತಾರೆ, ಏತಕ್ಕಾಗಿ ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಗಟ್ಟಿಯಾಗಲಿಲ್ಲ. ಸರ್ಕಾರಗಳು ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲಿಲ್ಲ, ಅಂಗಡಿಯಲ್ಲಿ ಓಡಲಿಲ್ಲ. ಅದೇ ಕಾಲಕ್ಕೆ, 2000ದಲ್ಲಿ, ಹುಬ್ಬಳ್ಳಿ ಮೂಲದ ದೇಶ್ ದೇಶಪಾಂಡೆ ಬೆಂಬಲದೊಂದಿಗೆ ಶುರುವಾದ ತೇಜಸ್ ನೆಟ್‌ವರ್ಕ್ಸ್ ಟೆಲಿಕಾಂ ಉಪಕರಣಗಳನ್ನು ಇಲ್ಲೇ ವಿನ್ಯಾಸ ಮಾಡಲು ಹೊರಟಿತು. ಏಳುಬೀಳು ಕಂಡು, ಹದಿನೇಳನೆಯ ವರ್ಷಕ್ಕೆ ಷೇರುಪೇಟೆ ಮುಟ್ಟಿತು. 2021ರಲ್ಲಿ ಟಾಟಾ ಬಳಗದ ಕೈಗೆ ಬಂದು ಬಿಎಸ್‌ಎನ್‌ಎಲ್ 4ಜಿ ಜಾಲಕ್ಕೆ ಉಪಕರಣ ಕೊಟ್ಟಿತು. ಎರಡರಲ್ಲೂ ಬುದ್ಧಿಗೆ ಕೊರತೆಯಿರಲಿಲ್ಲ. ಒಂದಕ್ಕೆ ಕಾಯುವ ಹಣ, ಕೊಳ್ಳುವ ಗಿರಾಕಿ ಇದ್ದರು.

ಹರಿಹರದ ಹೆಸರು ಹೊತ್ತ ಇನ್ನೊಂದು ಕಾರ್ಖಾನೆಯಿದೆ, ನದಿಯ ಆಚೆ ದಡದ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್. ಬಿರ್ಲಾ ಬಳಗದ್ದು, 1972ರಿಂದ ನಡೆಯುತ್ತಿದೆ, ಮರದಿಂದ ಕೃತಕ ನೂಲಿಗೆ ಬೇಕಾದ ಪಲ್ಪ್ ಮಾಡುತ್ತದೆ. ಸಾವಿರಾರು ಜನರಿಗೆ ಅನ್ನ ಕೊಟ್ಟಿದೆ. ಆದರೆ ಎಂಬತ್ತರ ದಶಕದಲ್ಲಿ ತುಂಗಭದ್ರೆಯ ಮೀನುಗಳು ಸತ್ತು ತೇಲಿದಾಗ ದಡದ ಹಳ್ಳಿಗಳು ತಿರುಗಿಬಿದ್ದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿತು. ಈ ಕಾರ್ಖಾನೆಯ ಪಲ್ಪಿಗೆ ಬೇಕಾದ ನೀಲಗಿರಿ ಬೆಳೆಸಲು ಹಳ್ಳಿಗಳ ಸಾಮೂಹಿಕ ಭೂಮಿಯನ್ನು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟದ್ದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು, ಜನಕ್ಕೆ ಬೇಕಾದ ಸಸಿ ಹಚ್ಚಿದರು. ಆ ಕಂಪನಿ 1991ರಲ್ಲಿ ಮುಚ್ಚಿತು. ನದಿ, ನೆಲ, ಗಾಳಿಯಲ್ಲಿ ಪಾಲು ಪಡೆಯುವ ಉದ್ಯಮಕ್ಕೆ ಅಲ್ಲಿನ ಜನ ಮೊದಲ ದಿನದಿಂದಲೇ ಪಾಲುದಾರರು. ಇದನ್ನು ಹೂಡಿಕೆದಾರರ ಮುಂದೆ ಇಡುವ ಯೋಜನಾ ವರದಿಯಲ್ಲೇ ಬರೆಯಬೇಕು.

ಹಣದ ಮಾತಿಗೆ ಬಂದರೆ ಈಗಿನ ದಿನಗಳು ಔಂಧದ ರಾಜನ ಕಾಲಕ್ಕಿಂತ ವಾಸಿ. ಕರ್ನಾಟಕ 2015ರಲ್ಲೇ ಸ್ಟಾರ್ಟಪ್ ನೀತಿ ತಂದಿತು. ‘ಎಲಿವೇಟ್’ ಯೋಜನೆಯಡಿ 50 ಲಕ್ಷ ರೂಪಾಯಿವರೆಗೆ ಸಹಾಯಧನ ಸಿಗುತ್ತದೆ. ಸಂಶೋಧನೆಯ ಉದ್ಯಮಗಳಿಗೆಂದು ಕೇಂದ್ರ ಸಂಪುಟ 2025ರ ಜುಲೈನಲ್ಲಿ 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ದಾವಣಗೆರೆ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ 2016ರಲ್ಲೇ ಸೇರಿತ್ತು. ಕೊರತೆ ಇರುವುದು ಸ್ಥಳೀಯ ಹಣದ್ದು. ಮಂಡಿಪೇಟೆಯ ವರ್ತಕ ಮೆಕ್ಕೆಜೋಳದ ಮೇಲೆ ಮೂರು ತಿಂಗಳಿಗೆ ಹಣ ಹೂಡಬಲ್ಲ, ನಿವೇಶನದ ಮೇಲೆ ಹತ್ತು ವರ್ಷಕ್ಕೂ ಹೂಡಬಲ್ಲ. ಊರಿನ ಹುಡುಗಿಯೊಬ್ಬಳ ಯಂತ್ರದ ಮೇಲೆ ಐದು ವರ್ಷಕ್ಕೆ ಹೂಡುವ ರೂಢಿ ಬೆಳೆಯಲಿಲ್ಲ. ಇದೇ ವರ್ತಕರ ಅಜ್ಜಂದಿರು ಹತ್ತಿ ಗಿರಣಿಗೆ ಹೂಡಿದ್ದರು!

ಮಾಡಲು ಕೆಲಸವಿಲ್ಲವೇ? ಕೊಯ್ಲಿನ ಕಾಲಕ್ಕೆ ಈ ಜಿಲ್ಲೆಯ ರಸ್ತೆಗಳಲ್ಲಿ ಓಡಾಡಿ. ಮೆಕ್ಕೆಜೋಳ ರಸ್ತೆಯ ಮೇಲೆ ಒಣಗುತ್ತಿರುತ್ತದೆ. ಮಳೆ ಬಂದರೆ ಬೂಸಲು, ತೇವ ಹೆಚ್ಚಿದರೆ ಮಂಡಿಯಲ್ಲಿ ಬೆಲೆ ಕಡಿತ. ಹಳ್ಳಿಯ ಹತ್ತು ಮನೆ ಸೇರಿ ಕೊಳ್ಳಬಹುದಾದ, ತೆನೆಯ ಬೆಂಡನ್ನೇ ಉರಿಸಿ ನಡೆಯುವ ಒಣಗಿಸುವ ಯಂತ್ರ ಯಾರು ಮಾಡುತ್ತಾರೆ? ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮುಂದೆ, ಹೊಗೆಯಲ್ಲಿ, ತಲೆಮಾರುಗಳಿಂದ ದುಡಿಯುತ್ತಿರುವ ಕುಟುಂಬಗಳಿವೆ. ಅವರ ಮಂಡಕ್ಕಿಯ ರುಚಿ ಕೆಡಿಸದೆ, ಅವರ ಕೈಗೆಟುಕುವ ಬೆಲೆಯಲ್ಲಿ, ಹೊಗೆಯಿಲ್ಲದ ಭಟ್ಟಿ ಯಾರು ರೂಪಿಸುತ್ತಾರೆ? ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಮರ ಹತ್ತುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಇವು ಸಣ್ಣ ಪ್ರಶ್ನೆಗಳೆಂದು ಕಾಣಬಹುದು. ಬಿಸಿ, ತೇವ, ಗಾಳಿ, ಲೋಹ, ಸೆನ್ಸರ್, ಬೆಲೆ ಎಲ್ಲ ಕೂಡಿ ಕಾಡುವ ಕಗ್ಗಂಟುಗಳಿವು. ಬಿಡಿಸಿದವನ ಯಂತ್ರ ಇಲ್ಲಿಂದ ಆಫ್ರಿಕಾದ ಜೋಳದ ಹೊಲದವರೆಗೂ ಹೋದೀತು. ಲಕ್ಷ್ಮಣರಾಯರ ಬದುಕು ಬದಲಾದದ್ದೂ ಒಂದು ನೇಗಿಲಿನಿಂದಲೇ.

ಅದಕ್ಕೆ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ತೋರಿಸುವ ಚಾಳಿ ನಿಲ್ಲಿಸಿ. ಈ ವರ್ಷ ಹತ್ತೇ ಹತ್ತು ವಿದ್ಯಾರ್ಥಿಗಳನ್ನು ಆರಿಸಿ, ಆರು ತಿಂಗಳು ಹರಿಹರದ ಮಷಿನ್ ಶಾಪ್‌ಗಳಿಗೆ ಕಳಿಸಿ. ಕಲಿಸುವ ಹಿರಿಯ ಟರ್ನರನಿಗೆ ಅಧ್ಯಾಪಕನಿಗೆ ಕೊಡುವಷ್ಟೇ ಗೌರವಧನ ಕೊಡಿ, ಅವನ ಸಹಿಯೂ ಅಂಕಪಟ್ಟಿಯ ಮೇಲಿರಲಿ. ಮಂಡಿಪೇಟೆಯ ಹಿರಿಯರು ಆ ಹತ್ತು ಯಂತ್ರಗಳಲ್ಲಿ ಎರಡಕ್ಕಾದರೂ ಐದು ವರ್ಷದ ಹಣ ಕಟ್ಟಿ. ಇದನ್ನು ಮುಂದಿನ ವರ್ಷಕ್ಕೆ ದೂಡಬೇಡಿ. ಯಂತ್ರಪುರದ ಗೇಟು ಮುಚ್ಚಿದಾಗ ನಲವತ್ತರಲ್ಲಿದ್ದ ಟರ್ನರನಿಗೆ ಈಗ ಅರವತ್ತು ದಾಟಿದೆ.